ಲೈನಿನ ರೋಗ ಯಾವುದು, ಪೆಟ್ಟಿಗೆ ಯಾವುದು: ಸ್ಟೆಬಿಲೈಸರ್, ಸರ್ವೋ, ಟ್ರಾನ್ಸ್‌ಫಾರ್ಮರ್ ಸಪ್ಲೈ, ಎಸ್‌ಎಂಪಿಎಸ್‌ಗಳಲ್ಲಿ ಆಯ್ಕೆ

"ವೋಲ್ಟೇಜ್ ಸರಿ ಇಲ್ಲರೀ, ಒಂದು ಸ್ಟೆಬಿಲೈಸರ್ ಕೊಡ್ರಿ." ಮಾರ್ಚ್ ಬಂತೆಂದರೆ ಕಲಬುರಗಿ, ಬೀದರ, ಯಾದಗಿರಿಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಇದೇ ಮಾತು. ಆದರೆ 'ವೋಲ್ಟೇಜ್ ಸರಿ ಇಲ್ಲ' ಎನ್ನುವ ಒಂದೇ ಮಾತಿನ ಹಿಂದೆ ಐದಾರು ಬೇರೆ ಬೇರೆ ರೋಗಗಳಿರುತ್ತವೆ. ದಿನವಿಡೀ ಲೋ ವೋಲ್ಟೇಜ್ ಇರುವುದು ಒಂದು, ಸಂಜೆ ಮಾತ್ರ ಕುಸಿಯುವುದು ಇನ್ನೊಂದು. ನಡುರಾತ್ರಿ ಏರುವುದುಂಟು, ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಕಡಿಯುವುದುಂಟು, ಒಂದು ಫೇಸ್ ಹೋಗುವುದುಂಟು. ಎಷ್ಟೋ ಸಲ ತಪ್ಪು ಲೈನಿನದಲ್ಲ, ಮನೆಯ ವೈರಿಂಗಿನದೇ ಆಗಿರುತ್ತದೆ. ಇವುಗಳಲ್ಲಿ ಸ್ಟೆಬಿಲೈಸರಿನಿಂದ ವಾಸಿಯಾಗುವುದು ಅರ್ಧದಷ್ಟು ಮಾತ್ರ. ಉಳಿದವಕ್ಕೆ ಅದನ್ನು ತಂದರೆ ದುಡ್ಡೂ ಹೋಗುತ್ತದೆ, ಫ್ರಿಜ್ಜೂ ಹೋಗುತ್ತದೆ.

ಆದ್ದರಿಂದ ಮೊದಲು ಅಳತೆ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ರೂಮಿನ ಪ್ಲಗ್ಗಿನಲ್ಲಿ ಅಲ್ಲ, ಮೀಟರಿನ ನಂತರದ ಮೇನ್ ಸ್ವಿಚ್ಚಿನಲ್ಲಿ ಅಳೆಯಬೇಕು. ಕರೆಂಟ್ ಹರಿಯುತ್ತಿರುವ ಜಾಗ ಅದು; ಕೈ ಪಳಗಿಲ್ಲದವರು ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಲಿ. ಬೆಳಗ್ಗೆ 6ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 8ಕ್ಕೆ, ಆಮೇಲೆ ಊರು ಮಲಗಿದ ಮೇಲೆ ಒಮ್ಮೆ, ಹೀಗೆ ಮೂರು ದಿನ ಬರೆದಿಡಿ. ಹಳ್ಳಿಯಾದರೆ ಪಂಪ್‌ಸೆಟ್ಟಿನ ತ್ರೀ ಫೇಸ್ ಬಿಟ್ಟಾಗ ಒಂದು ಅಳತೆ, ತೆಗೆದಾಗ ಇನ್ನೊಂದು. ನಮ್ಮಲ್ಲಿ ಸಿಂಗಲ್ ಫೇಸ್ ಎಂದರೆ 230 ವೋಲ್ಟ್, 50 ಹರ್ಟ್ಸ್. ಶೇ. 6ರಷ್ಟು ಏರಿಳಿತ ಸಹಜ ಎಂಬುದು 1956ರ ಭಾರತೀಯ ವಿದ್ಯುತ್ ನಿಯಮಗಳಿಂದ ಬಂದ ಲೆಕ್ಕ. ಅಂದರೆ 216ರಿಂದ 244ರವರೆಗೆ ಇದ್ದರೆ ಲೈನು ಆರೋಗ್ಯವಾಗಿದೆ, ಏನನ್ನೂ ಕೊಳ್ಳಬೇಕಿಲ್ಲ.

ಮೇನ್‌ನಲ್ಲಿ 218 ಇದ್ದು, ಎಸಿ ಓಡುವಾಗ ಅದರ ಪ್ಲಗ್ಗಿನಲ್ಲಿ 195 ತೋರಿಸಿದರೆ ರೋಗ ಮನೆಯೊಳಗಿದೆ. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ 30 ಮೀಟರ್ ದೂರ ಹೋದರೆ, ಹೋಗಿ ಬರುವ ದಾರಿ ಸೇರಿ 60 ಮೀಟರ್, ಅದರ ರೋಧ ಸುಮಾರು 0.44 ಓಮ್. 10 ಆಂಪಿಯರ್ ಹರಿದರೆ ಇಳಿಯುವುದು 4–5 ವೋಲ್ಟ್ ಅಷ್ಟೇ. ಅದೇ ದಾರಿಗೆ 1 ಚದರ ಮಿಲಿಮೀಟರಿನ ತಂತಿ ಎಳೆದಿದ್ದರೆ 11 ವೋಲ್ಟ್. ಇಪ್ಪತ್ತಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ ಎಲ್ಲೋ ಜಾಯಿಂಟ್ ಸಡಿಲವಾಗಿದೆ. ಆ ಜಾಯಿಂಟಿನಲ್ಲಿ 20 ವೋಲ್ಟ್, 10 ಆಂಪಿಯರ್ ಎಂದರೆ 200 ವ್ಯಾಟ್ ಶಾಖ, ಗೋಡೆಯೊಳಗೆ, ಪ್ಲಾಸ್ಟಿಕ್ ಪೈಪಿನ ಪಕ್ಕದಲ್ಲಿ. ಇಲ್ಲಿ ಸ್ಟೆಬಿಲೈಸರ್ ಹಾಕಿದರೆ ಅದು ವೋಲ್ಟೇಜ್ ಎತ್ತಲು ಇನ್ನಷ್ಟು ಆಂಪಿಯರ್ ಎಳೆಯುತ್ತದೆ, ಜಾಯಿಂಟ್ ಇನ್ನಷ್ಟು ಕಾಯುತ್ತದೆ. ಮೊದಲು ತಂತಿ ಸರಿಪಡಿಸಿ.

ಇನ್ನೊಂದು ಲಕ್ಷಣ: ಒಂದು ಕೋಣೆಯ ದೀಪ ಕಣ್ಣು ಕುಕ್ಕುವಷ್ಟು ಉರಿಯುತ್ತಿದೆ, ಇನ್ನೊಂದರಲ್ಲಿ ಮಂಕು; ಅಥವಾ ನಿಮ್ಮ ಮನೆಯಲ್ಲಿ 290, ಎದುರು ಮನೆಯಲ್ಲಿ 110. ಇದು ನ್ಯೂಟ್ರಲ್ ಕಡಿದ ಅಥವಾ ಸಡಿಲಾದ ಗುರುತು. ತ್ರೀ ಫೇಸಿನ ಎರಡು ಫೇಸುಗಳ ನಡುವೆ 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಇಲ್ಲದಾಗ ಎರಡು ಮನೆಗಳ ಲೋಡು ಸರಪಳಿಯಂತೆ ಕೂಡಿಕೊಂಡು ಆ 400ನ್ನು ಹಂಚಿಕೊಳ್ಳುತ್ತವೆ, ಕಡಿಮೆ ಲೋಡಿನ ಮನೆಗೆ ಹೆಚ್ಚು ವೋಲ್ಟ್. ಟಿವಿ, ವೈಫೈ ರೂಟರ್, ಎಲ್‌ಇಡಿ ಬಲ್ಬು ಸಾಲಾಗಿ ಸುಡುವುದು ಹೀಗೆ. ತಕ್ಷಣ ಮೇನ್ ಆಫ್ ಮಾಡಿ 1912ಕ್ಕೆ ಫೋನ್ ಮಾಡಿ. ಇದನ್ನು ತಡೆಯುವುದು ಸ್ಟೆಬಿಲೈಸರ್ ಅಲ್ಲ, ಮೇನ್ ಬೋರ್ಡಿನಲ್ಲಿ ಕೂರಿಸುವ ಓವರ್–ಅಂಡರ್ ವೋಲ್ಟೇಜ್ ಕಟ್-ಆಫ್ ರಿಲೇ. 270ರ ಮೇಲೆ, 170ರ ಕೆಳಗೆ ಮನೆಯ ಸಂಪರ್ಕವನ್ನೇ ಕಡಿಯುವಂತೆ ಹೊಂದಿಸಿ. ಸ್ಟೆಬಿಲೈಸರಿಗಿಂತ ಅಗ್ಗ. ಈ ಮೂರು ಜಿಲ್ಲೆಗಳ ಯಾವ ಮನೆಗಾದರೂ ಮೊದಲು ಹಾಕಿಸಬೇಕಾದ ಸಾಧನ ಯಾವುದು ಎಂದರೆ ನಮ್ಮ ಉತ್ತರ ಇದೇ.

ರಿಲೇ ಸ್ಟೆಬಿಲೈಸರೋ, ಸರ್ವೋನೋ

ಎರಡರ ಎದೆಯಲ್ಲೂ ಇರುವುದು ಟ್ರಾನ್ಸ್‌ಫಾರ್ಮರೇ. ಟ್ರಾನ್ಸ್‌ಫಾರ್ಮರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಸುತ್ತುಗಳ ಲೆಕ್ಕದಲ್ಲಿ ವೋಲ್ಟನ್ನೂ ಆಂಪಿಯರನ್ನೂ ಅದಲು ಬದಲು ಮಾಡುತ್ತದೆ. 150 ವೋಲ್ಟ್ ಬರುವ ಕಡೆ 230 ಬೇಕೆಂದರೆ, ಎಸಿಗೆ 8 ಆಂಪಿಯರ್ ಕೊಡಲು ಲೈನಿನಿಂದ 12.3 ಆಂಪಿಯರ್ ಎಳೆಯಲೇಬೇಕು. ಓಣಿಯ ಇಪ್ಪತ್ತು ಮನೆಯವರೂ ಹೀಗೆ ಎಳೆದರೆ ಲೈನು ಇನ್ನೂ ಕುಸಿಯುತ್ತದೆ. ಇಡೀ ಓಣಿಗೆ ದಿನವಿಡೀ 170ರ ಆಸುಪಾಸು ಇದ್ದರೆ ಎಲ್ಲರೂ ಸ್ಟೆಬಿಲೈಸರ್ ತರುವುದು ಪರಿಹಾರವಲ್ಲ. ಮೂರು ದಿನದ ಅಳತೆಯ ಚೀಟಿ ಲಗತ್ತಿಸಿ ನಮ್ಮ ಭಾಗಕ್ಕೆ ಕರೆಂಟ್ ಕೊಡುವ ಜೆಸ್ಕಾಂ ಕಂಪನಿಯ ಸೆಕ್ಷನ್ ಕಚೇರಿಗೆ ಕೂಡಿ ಅರ್ಜಿ ಕೊಡಿ, ಹೆಚ್ಚುವರಿ ಟಿಸಿ (ಓಣಿಗೆ ಕರೆಂಟ್ ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರ್) ಕೇಳಿ.

ರಿಲೇ ಸ್ಟೆಬಿಲೈಸರಿನಲ್ಲಿ ಆಟೋ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅಂದರೆ ಒಂದೇ ಸುರುಳಿ, ನಡುನಡುವೆ ಟ್ಯಾಪು. ಲೈನು ಇಳಿದಂತೆ ರಿಲೇ 'ಟಕ್' ಎಂದು ಮುಂದಿನ ಟ್ಯಾಪಿಗೆ ಜಿಗಿಯುತ್ತದೆ. ಹೊರಬರುವ ವೋಲ್ಟು 200ರಿಂದ 245ರ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಫ್ರಿಜ್ಜಿಗೆ, ಹಳೆಯ ಮಾದರಿಯ ಎಸಿಗೆ ಇಷ್ಟು ಸಾಕು. ಕೊಳ್ಳುವಾಗ ಡಬ್ಬಿಯ ಮೇಲಿನ ಕೆವಿಎ (ವೋಲ್ಟ್ × ಆಂಪಿಯರ್, ಸಾವಿರದ ಲೆಕ್ಕದಲ್ಲಿ) ನೋಡಬೇಡಿ, ಆಂಪಿಯರ್ ನೋಡಿ. 4 ಕೆವಿಎ ಎಂದು ಮಾರುವ ಎಸಿ ಸ್ಟೆಬಿಲೈಸರಿನ ತಗಡಿನ ಮೇಲೆ 12 ಆಂಪಿಯರ್ ಎಂದಿರುವುದು ಸಾಮಾನ್ಯ. 230ರಿಂದ ಗುಣಿಸಿದರೆ ಅದು 2.76 ಕೆವಿಎ. ಒಂದೂವರೆ ಟನ್ನಿನ ಎಸಿಗೆ ಅದು ಸಾಲುತ್ತದೆ, ಎರಡು ಟನ್ನಿಗೆ ಸಾಲದು. ಪಟ್ಟಣದಲ್ಲಿ 170–270ರ ಶ್ರೇಣಿಯದು ನಡೆಯುತ್ತದೆ. ಲೈನಿನ ತುದಿಯಲ್ಲಿರುವ ಹಳ್ಳಿಯಾದರೆ 130ರಿಂದ ಶುರುವಾಗುವ ಶ್ರೇಣಿ ಬೇಕು. ಕಂಪ್ರೆಸರ್ ಇರುವ ಯಂತ್ರಕ್ಕೆ ಮೂರು ನಿಮಿಷದ ಟೈಮ್ ಡಿಲೇ ಇರಲೇಬೇಕು: ಕರೆಂಟ್ ಹೋಗಿ ಕೂಡಲೇ ಬಂದರೆ ಒಳಗಿನ ಗ್ಯಾಸಿನ ಒತ್ತಡ ಇಳಿದಿರುವುದಿಲ್ಲ, ಮೋಟಾರ್ ತಿರುಗಲಾರದೆ ಜಾಮಾಗಿ ಕಾಯುತ್ತದೆ.

ಇನ್ವರ್ಟರ್ ಎಸಿಗಳ ಮಾತು ಬೇರೆ. ಅವು ಒಳಗೇ ಕರೆಂಟನ್ನು ಡಿಸಿ ಮಾಡಿಕೊಂಡು ಓಡುತ್ತವೆ. ಕೈಪಿಡಿಯಲ್ಲಿ 145–290 ಎಂಬಂಥ ಶ್ರೇಣಿ ಬರೆದಿದ್ದು, ನಿಮ್ಮ ಅಳತೆ ಅದರೊಳಗೇ ಇದ್ದರೆ ಸ್ಟೆಬಿಲೈಸರ್ ಬೇಡ.

ರಿಲೇ ಸ್ಟೆಬಿಲೈಸರಿನಲ್ಲಿ ಹೆದರಬೇಕಾದ ಕೆಡುಕು ಒಂದೇ, ರಿಲೇಯ ಕಾಂಟ್ಯಾಕ್ಟ್ ಕಾದು ಅಂಟಿಕೊಳ್ಳುವುದು. 170ನ್ನು 230ಕ್ಕೆ ಎತ್ತುವ ಟ್ಯಾಪಿನಲ್ಲೇ ಅಂಟಿತೆನ್ನಿ. ರಾತ್ರಿ 11ಕ್ಕೆ ಲೈನು 240ಕ್ಕೆ ಮರಳಿದಾಗ ಹೊರಗೆ ಬರುವುದು 325 ವೋಲ್ಟ್. ಹೊರಬದಿಗೆ ಹೈ ಕಟ್-ಆಫ್ ಇಲ್ಲದ ಸ್ಟೆಬಿಲೈಸರನ್ನು ಈ ಕಾರಣಕ್ಕೇ ಮನೆಗೆ ತರಬಾರದು.

ಸರ್ವೋದಲ್ಲಿ ಜಿಗಿತವಿಲ್ಲ. ಒಂದು ಸಣ್ಣ ಮೋಟಾರ್ ವೇರಿಯಾಕಿನ (ಬ್ರಷ್ ಸರಿದಂತೆ ವೋಲ್ಟ್ ಬದಲಾಗುವ ಸುರುಳಿ) ಮೇಲೆ ಕಾರ್ಬನ್ ಬ್ರಷ್ಷನ್ನು ಸರಿಸುತ್ತದೆ, ಅದು ಲೈನಿಗೆ ವೋಲ್ಟ್ ಕೂಡಿಸುವ ಅಥವಾ ಕಳೆಯುವ ಬಕ್–ಬೂಸ್ಟ್ ಟ್ರಾನ್ಸ್‌ಫಾರ್ಮರಿಗೆ ಬೇಕಾದಷ್ಟೇ ವೋಲ್ಟ್ ಕೊಡುತ್ತದೆ, ಹೊರಗೆ ಶೇ. 1ರ ನಿಖರತೆ. ಇಲ್ಲೊಂದು ಸೊಗಸಾದ ಲೆಕ್ಕವಿದೆ: ಬಕ್–ಬೂಸ್ಟ್ ಟ್ರಾನ್ಸ್‌ಫಾರ್ಮರ್ ಇಡೀ ಲೋಡನ್ನು ಹೊರುವುದಿಲ್ಲ, ವ್ಯತ್ಯಾಸವನ್ನಷ್ಟೇ ಹೊರುತ್ತದೆ. 10 ಕೆವಿಎ ಸರ್ವೋ 170ರಿಂದ 230ಕ್ಕೆ ಎತ್ತಬೇಕಾದರೆ ಕೂಡಿಸುವುದು 60 ವೋಲ್ಟ್, ಅದಕ್ಕೆ 2.6 ಕೆವಿಎ ಸಾಕು. 130ರಿಂದ ಎತ್ತಬೇಕಾದರೆ 100 ವೋಲ್ಟ್, 4.3 ಕೆವಿಎ. ಶ್ರೇಣಿ ಅಗಲವಾದಂತೆ ತಾಮ್ರ, ತೂಕ, ಬೆಲೆ ಏರುವುದು ಇದರಿಂದ. ಅಳತೆಯ ಚೀಟಿಯಲ್ಲಿ 180ರ ಕೆಳಗೆ ಎಂದೂ ಇಳಿದಿಲ್ಲವಾದರೆ 130ರ ಸರ್ವೋಗೆ ದುಡ್ಡು ಹಾಕಬೇಡಿ.

ಕಪನೂರಿನಂಥ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ ತೆಗೆದುಕೊಳ್ಳಿ. ಒಟ್ಟು 20 ಎಚ್‌ಪಿ ಮೋಟಾರು. 20 ಎಚ್‌ಪಿ ಎಂದರೆ 14.9 ಕಿಲೋವ್ಯಾಟ್, ಮೋಟಾರಿನ ದಕ್ಷತೆ ಶೇ. 85, ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.8 ಹಿಡಿದರೆ ಸುಮಾರು 22 ಕೆವಿಎ, ಸ್ಟಾರ್ಟಿಂಗಿನ ಹೊಡೆತಕ್ಕೆಂದು 30 ಕೆವಿಎ. ಮಾರುವವರು ಇಡೀ ಮಿಲ್ಲಿಗೆ 30 ಕೆವಿಎ ತ್ರೀ ಫೇಸ್ ಸರ್ವೋ ಹಾಕಿಸಿಕೊಳ್ಳಿ ಎನ್ನುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ತೊಗರಿ ಒಡೆಯುವ ಮೋಟಾರಿಗೆ ಶೇ. 1ರ ನಿಖರತೆ ಏನಕ್ಕೂ ಬೇಡ. ಲೈನು 380–430ರ ನಡುವೆ ಇದ್ದರೆ ಅದು ನಿಶ್ಚಿಂತೆಯಿಂದ ಓಡುತ್ತದೆ. ನಿಖರತೆ ಬೇಕಿರುವುದು ಬಣ್ಣ ನೋಡಿ ಕೆಟ್ಟ ಬೇಳೆ ಬೇರ್ಪಡಿಸುವ ಕಲರ್ ಸಾರ್ಟರಿಗೆ. ಅದರ ಕ್ಯಾಮರಾ, ಬೆಳಕು, ಗಾಳಿ ಬಿಡುವ ವಾಲ್ವುಗಳು ವೋಲ್ಟ್ ಅಲುಗಿದರೆ ಒಳ್ಳೆಯ ಬೇಳೆಯನ್ನೂ ಹೊರಗೆ ಉದುರಿಸುತ್ತವೆ. ಅದಕ್ಕೊಂದೇ ಸಣ್ಣ ಸರ್ವೋ, ಅದರ ಮುಂದೆ ಆನ್‌ಲೈನ್ ಯುಪಿಎಸ್ ಕೊಟ್ಟು, ಮೋಟಾರುಗಳಿಗೆ ಸ್ಟಾರ್ಟಿಂಗಿನ ಹೊಡೆತ ತಗ್ಗಿಸುವ ಸ್ಟಾರ್–ಡೆಲ್ಟಾ ಸ್ಟಾರ್ಟರ್ ಮತ್ತು ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ. ಒಂದು ಫೇಸ್ ಹೋದರೆ ಸರ್ವೋ ಅದನ್ನು ಹುಟ್ಟಿಸಿ ಕೊಡುವುದಿಲ್ಲ.

ಹಾಗಿದ್ದೂ ಇಡೀ ಮಿಲ್ಲಿಗೆ ಸರ್ವೋ ಬೇಕೇ ಬೇಕಾದರೆ, ಮೂರೂ ಫೇಸನ್ನು ಬೇರೆ ಬೇರೆಯಾಗಿ ತಿದ್ದುವ ಅನ್‌ಬ್ಯಾಲೆನ್ಸ್ಡ್ ಮಾದರಿಯೇ ಇರಲಿ. ಒಂದೇ ಮೋಟಾರು ಮೂರನ್ನೂ ಒಟ್ಟಿಗೆ ತಿರುಗಿಸುವ ಮಾದರಿ ನಮ್ಮ ಲೈನಿಗೆ ಹೊಂದುವುದಿಲ್ಲ. ಆರ್ ಫೇಸ್ ಇಳಿದು ಬಿ ಫೇಸ್ ಏರಿದಾಗ ಅದು ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುತ್ತದೆ. ಜಾಗ ಬೇರೆ ಕೋಣೆಯಲ್ಲಿರಲಿ. ತೊಗರಿ ಹೊಟ್ಟಿನ ಧೂಳು ವೇರಿಯಾಕಿನ ಮೇಲೆ ಕೂತರೆ ಬ್ರಷ್ ಕಿಡಿ ಹಾರಿಸುತ್ತದೆ, ಸುರುಳಿ ಕಪ್ಪಾಗುತ್ತದೆ, ಆಮೇಲೆ ಅದೇ ಜಾಗದಲ್ಲಿ ಸುಡುತ್ತದೆ. ಗಾಳಿಯಿಂದ ತಣಿಯುವುದಾದರೆ ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ, ಆರು ತಿಂಗಳಿಗೊಮ್ಮೆ ಬ್ರಷ್ಷಿನ ಉದ್ದ ನೋಡಿ. ಧೂಳು ತಪ್ಪದ ಜಾಗಕ್ಕೆ ಎಣ್ಣೆ ತುಂಬಿದ ಸರ್ವೋ ಮೇಲು.

ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬಗ್ಗೆ ಒಂದೇ ಮಾತು: ಅದು ವೋಲ್ಟೇಜನ್ನು ತಿದ್ದುವುದಿಲ್ಲ. 230 ಹೋದರೆ 230, 180 ಹೋದರೆ 180. ಲೈನಿನ ಕಿರಿಕಿರಿ, ನ್ಯೂಟ್ರಲ್–ಅರ್ಥ್ ನಡುವಿನ ವೋಲ್ಟ್ ಯಂತ್ರಕ್ಕೆ ತಲುಪದಂತೆ ತಡೆಯುವುದು ಅದರ ಕೆಲಸ. ಎಕ್ಸ್‌ರೇ, ಸ್ಕ್ಯಾನಿಂಗ್ ಯಂತ್ರದವರು ಕೇಳಿದರೆ ಹಾಕಿಸಿ, ಮನೆಗೆ ಬೇಡ. ಹಳೆಯ ಸಿವಿಟಿ (ಕಾನ್‌ಸ್ಟಂಟ್ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್) ಸಪ್ಲೈಗಳು ವೋಲ್ಟನ್ನು ಚೆನ್ನಾಗಿ ಹಿಡಿಯುತ್ತವೆ, ಆದರೆ ಖಾಲಿ ಇದ್ದಾಗಲೂ ಕಾಯುತ್ತವೆ, ಗುಂಯ್‌ಗುಡುತ್ತವೆ; ಡೀಸೆಲ್ ಜನರೇಟರಿನ ವೇಗ ಏರಿಳಿದರೆ ಇವುಗಳ ವೋಲ್ಟೂ ಏರಿಳಿಯುತ್ತದೆ.

ಟ್ರಾನ್ಸ್‌ಫಾರ್ಮರ್ ಸಪ್ಲೈಯೋ, ಎಸ್‌ಎಂಪಿಎಸ್ಸೋ

ಸಿಸಿಟಿವಿ, ಎಲ್‌ಇಡಿ ಪಟ್ಟಿ, ನೀರಿನ ಟ್ಯಾಂಕಿನ ಕಂಟ್ರೋಲರ್, ರೂಟರ್, ಎಲ್ಲಕ್ಕೂ 12 ವೋಲ್ಟ್ ಡಿಸಿ ಬೇಕು. ಮಾಡುವ ದಾರಿ ಎರಡು. ಕಬ್ಬಿಣದ ಕೋರಿನ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಕೆಪಾಸಿಟರ್, 12 ವೋಲ್ಟಿಗೆ ಹಿಡಿದಿಡುವ 7812 ಐಸಿ ಒಂದು ದಾರಿ. ಲೈನನ್ನು ನೇರ ಡಿಸಿ ಮಾಡಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ, ಬೆರಳ ಗಾತ್ರದ ಫೆರೈಟ್ ಟ್ರಾನ್ಸ್‌ಫಾರ್ಮರಿನಿಂದ ಇಳಿಸುವ ಎಸ್‌ಎಂಪಿಎಸ್ ಇನ್ನೊಂದು. 50 ಹರ್ಟ್ಸ್‌ನಲ್ಲಿ ಕೋರು ದಪ್ಪ, ಸುತ್ತು ಹೆಚ್ಚು: 10 ಚದರ ಸೆಂಟಿಮೀಟರಿನ ಕೋರಿಗೆ ಒಂದು ಟೆಸ್ಲಾ ಲೆಕ್ಕದಲ್ಲಿ ವೋಲ್ಟಿಗೆ 4.5 ಸುತ್ತು, 230 ವೋಲ್ಟಿಗೆ 1,035 ಸುತ್ತು. ಆವರ್ತನ ಸಾವಿರ ಪಟ್ಟು ಏರಿದರೆ ಕೋರು ಅಂಗೈಯಿಂದ ಬೆರಳಿಗೆ ಇಳಿಯುತ್ತದೆ.

ಹಳ್ಳಿಯ ಲೋ ವೋಲ್ಟೇಜಿನಲ್ಲಿ ಯಾವುದು ನಿಲ್ಲುತ್ತದೆ? 12 ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ 230 ಬಂದರೆ ಡಿಸಿ ತುದಿ 12 × 1.414, ಡಯೋಡಿನ 1.4 ಕಳೆದು 15.6 ವೋಲ್ಟ್. 7812ಗೆ ತನ್ನ ಹೊರಬದಿಗಿಂತ 2 ವೋಲ್ಟ್ ಹೆಚ್ಚು, ಅಂದರೆ 14 ಬೇಕು; ನಡೆಯುತ್ತದೆ. ಲೈನು 170ಕ್ಕೆ ಇಳಿದರೆ ಟ್ರಾನ್ಸ್‌ಫಾರ್ಮರಿನಿಂದ ಬರುವುದು 8.9, ಡಿಸಿ ತುದಿ 11.1. ಐಸಿ ಕೈಚೆಲ್ಲುತ್ತದೆ, ಕ್ಯಾಮರಾದಲ್ಲಿ ಗೆರೆಗಳು ಮೂಡುತ್ತವೆ, ರಾತ್ರಿ ಐಆರ್ ದೀಪ ಹತ್ತಿದೊಡನೆ ರೀಸ್ಟಾರ್ಟ್ ಆಗುತ್ತದೆ. 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದರೆ 170ರಲ್ಲಿ ಹಗುರ ಲೋಡಿಗೆ ಹೇಗೋ ನಡೆಯುತ್ತದೆ, ಆದರೆ 250 ಬಂದ ರಾತ್ರಿ 1 ಆಂಪಿಯರಿಗೆ ಐಸಿಯ ಮೇಲೆ 9–10 ವ್ಯಾಟ್ ಬಿಸಿ, ಅಂಗೈಯಗಲದ ಹೀಟ್‌ಸಿಂಕೇ ಬೇಕು. ತಗಡಿನ ಮೇಲೆ 90–264 ವೋಲ್ಟ್ ಎಂದು ಬರೆದಿರುವ ಎಸ್‌ಎಂಪಿಎಸ್ 120ರಲ್ಲೂ 12 ಕೊಡುತ್ತದೆ. ಲೋ ವೋಲ್ಟೇಜಿನ ಊರಿಗೆ ಎಸ್‌ಎಂಪಿಎಸ್ಸೇ ಸರಿ, ಎರಡನೇ ಮಾತಿಲ್ಲ.

ಹೈ ವೋಲ್ಟೇಜಿನಲ್ಲಿ ಲೆಕ್ಕ ಉಲ್ಟಾ. ಎಸ್‌ಎಂಪಿಎಸ್ಸಿನ ಬಾಯಲ್ಲಿರುವ ಕೆಪಾಸಿಟರ್ ಸಾಮಾನ್ಯವಾಗಿ 400 ವೋಲ್ಟಿನದು. 230ಕ್ಕೆ ಅದರ ಮೇಲೆ 325, 264ಕ್ಕೆ 373. ನ್ಯೂಟ್ರಲ್ ಕಡಿದು 350 ಬಂದರೆ 495: ಪಟ್ ಎಂದು ಸಿಡಿಯುತ್ತದೆ. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಕಾದರೂ ಕೆಲವು ಸೆಕೆಂಡು ತಡೆದುಕೊಳ್ಳುತ್ತದೆ, ಅಷ್ಟರಲ್ಲಿ ಫ್ಯೂಸ್ ಹೋಗುತ್ತದೆ. ಮೇಲೆ ಹೇಳಿದ ಕಟ್-ಆಫ್ ರಿಲೇ ಇಲ್ಲದ ಮನೆಯಲ್ಲಿ ಎಸ್‌ಎಂಪಿಎಸ್ ತುಂಬುವುದು ಅಪಾಯ.

ಟ್ರಾನ್ಸ್‌ಫಾರ್ಮರ್ ಸಪ್ಲೈ ಇವತ್ತಿಗೂ ಗೆಲ್ಲುವುದು ಸದ್ದಿನ ವಿಷಯದಲ್ಲಿ. ಭಜನೆಯ ಆಂಪ್ಲಿಫೈಯರಿನ ಮೈಕ್ ಪ್ರೀಆಂಪಿಗೆ, ಮಧ್ಯಮ ತರಂಗದ ರೇಡಿಯೊಗೆ ಅಗ್ಗದ ಎಸ್‌ಎಂಪಿಎಸ್ ಕೊಟ್ಟರೆ ಚಿರ್‌ಗುಟ್ಟುವ ಗದ್ದಲ ಸೇರುತ್ತದೆ. ಅಲ್ಲಿ ಕಬ್ಬಿಣದ ಟ್ರಾನ್ಸ್‌ಫಾರ್ಮರೇ ಇರಲಿ, ಆದರೆ ಅಳತೆ ತಪ್ಪಬೇಡಿ. '1 ಆಂಪಿಯರ್' ಟ್ರಾನ್ಸ್‌ಫಾರ್ಮರಿನಿಂದ 1 ಆಂಪಿಯರ್ ಡಿಸಿ ಬರುವುದಿಲ್ಲ. ಕೆಪಾಸಿಟರ್ ತುಂಬುವ ಕರೆಂಟು ತುದಿಯಲ್ಲಷ್ಟೇ ನುಗ್ಗುವುದರಿಂದ 1 ಆಂಪಿಯರ್ ಡಿಸಿಗೆ ಸುಮಾರು 1.8 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಬೇಕು. ಕೆಪಾಸಿಟರ್ 2,200 ಮೈಕ್ರೋಫ್ಯಾರಡ್ ಹಾಕಿದರೆ 1 ಆಂಪಿಯರಿಗೆ ನಾಲ್ಕೂವರೆ ವೋಲ್ಟಿನ ಅಲೆ, 4,700 ಹಾಕಿದರೆ ಎರಡು ವೋಲ್ಟ್. ಸ್ಪೀಕರಿನಲ್ಲಿ ಕೇಳುವ ಹಮ್ ಬಹುಪಾಲು ಇಲ್ಲೇ ಹುಟ್ಟುತ್ತದೆ.

ಮತ್ತೆ ನಮ್ಮ ಬಿಸಿಲು. ಜಾಲರಿ ಡಬ್ಬಿಯ ಎಸ್‌ಎಂಪಿಎಸ್‌ಗಳ ಪೂರ್ತಿ ರೇಟಿಂಗ್ ಸಾಮಾನ್ಯವಾಗಿ ಸುತ್ತಲ ಗಾಳಿ 50 ಡಿಗ್ರಿ ಇರುವವರೆಗೆ ಮಾತ್ರ. ಮೇ ತಿಂಗಳಲ್ಲಿ ಹೊರಗೆ 43 ಇದ್ದಾಗ ಮಾಳಿಗೆಯ ಮೇಲಿನ ತಗಡಿನ ಪೆಟ್ಟಿಗೆಯೊಳಗೆ 60 ದಾಟುತ್ತದೆ. 3 ಆಂಪಿಯರ್ ಲೋಡಿಗೆ 5 ಆಂಪಿಯರಿನದು ತನ್ನಿ, ನೆರಳಿನ ಗೋಡೆಗೆ ಹೊಡೆಯಿರಿ. ಕ್ಯಾಮರಾ ದೂರವಿದ್ದರೆ ತಂತಿಯ ಲೆಕ್ಕವೂ ಬೇಕು: 0.5 ಚದರ ಮಿಲಿಮೀಟರಿನ ತಂತಿ 20 ಮೀಟರ್ ಎಳೆದು 1 ಆಂಪಿಯರ್ ಹರಿಸಿದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಕರಗುತ್ತದೆ.

ಮನೆಯ ಇನ್ವರ್ಟರಿನಲ್ಲಿ ಸ್ಕ್ವೇರ್ ವೇವ್ ಬೇಡ, ಸೈನ್ ವೇವ್ ತನ್ನಿ. ಫ್ಯಾನು ಗುಂಯ್ ಎನ್ನುವುದಿಲ್ಲ, ಮೋಟಾರು ಕಾಯುವುದಿಲ್ಲ. 150 ಎಎಚ್ ಬ್ಯಾಟರಿ 300 ವ್ಯಾಟಿಗೆ ಹೊಸದರಲ್ಲಿ ಮೂರೂವರೆ ಗಂಟೆ ಬರುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ, ಡಿಸ್ಟಿಲ್ಡ್ ನೀರನ್ನೇ ಹಾಕಿ, ಬೋರ್‌ವೆಲ್ ನೀರನ್ನಲ್ಲ.

ಹೊಲದ ಕಡೆ

ಶಹಾಪುರ, ಸುರಪುರದ ಕಡೆ ಪಂಪಿನ ಮೋಟಾರು ಎದ್ದೇಳುತ್ತಿಲ್ಲ ಎಂದರೆ ಯಾವ ಪೆಟ್ಟಿಗೆಯೂ ಉತ್ತರವಲ್ಲ. ಮೋಟಾರಿನ ತಿರುಗುಬಲ ವೋಲ್ಟಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೋಲ್ಟ್ 230ರಿಂದ 170ರ ಪ್ರಮಾಣಕ್ಕೆ ಕುಸಿದರೆ ಬಲ ಶೇ. 55ಕ್ಕೆ ಬರುತ್ತದೆ. ಟಿಸಿಯ ಲೆಕ್ಕ ಹೀಗಿದೆ: 433 ವೋಲ್ಟಿನ ಬದಿಯಲ್ಲಿ 25 ಕೆವಿಎ ಎಂದರೆ ಫೇಸಿಗೆ 33 ಆಂಪಿಯರ್, 63 ಕೆವಿಎ ಎಂದರೆ 84, 100 ಕೆವಿಎ ಎಂದರೆ 133. ಒಂದು 5 ಎಚ್‌ಪಿ ಮೋಟಾರು 7.5 ಆಂಪಿಯರಿನ ಸುಮಾರು ಎಳೆಯುತ್ತದೆ. 25 ಕೆವಿಎ ಟಿಸಿ ನಾಲ್ಕು ಮೋಟಾರನ್ನು ಹೊರುತ್ತದೆ, ಏಳನ್ನು ಹೊರಿಸಿದರೆ ಎಣ್ಣೆ ಕಾದು ಕಾಗದದ ಇನ್ಸುಲೇಶನ್ ಕರಿಕಾಗುತ್ತದೆ, ಸುರುಳಿ ಸುಡುತ್ತದೆ. ಫ್ಯೂಸಿಗೆ ದಪ್ಪ ತಂತಿ ಕಟ್ಟಿದರೆ ಸುಡುವುದು ಇನ್ನೂ ಬೇಗ. ಟಿಸಿಯ ಫ್ಯೂಸನ್ನು ಲೈನ್‌ಮನ್ ಹೊರತು ಯಾರೂ ಮುಟ್ಟಕೂಡದು. ಮೇಲೆ ಇರುವುದು 11,000 ವೋಲ್ಟ್. ರೈತರ ಕೈಯಲ್ಲಿರುವ ಅಗ್ಗದ ಉಪಾಯ ಎಂದರೆ ಪ್ರತಿ 5 ಎಚ್‌ಪಿ ಮೋಟಾರಿಗೆ 2 ಕೆವಿಎಆರ್ ಗಾತ್ರದ ಕೆಪಾಸಿಟರ್. ಪವರ್ ಫ್ಯಾಕ್ಟರ್ 0.75ರಿಂದ 0.95ಕ್ಕೆ ಬಂದರೆ ಲೈನಿನ ಆಂಪಿಯರ್ ಐದರಲ್ಲೊಂದು ಪಾಲು ಇಳಿಯುತ್ತದೆ, ಅಷ್ಟೇ ಪಾಲು ಟಿಸಿಗೆ ಉಸಿರು. ಒಬ್ಬರು ಹಾಕಿದರೆ ಗೊತ್ತಾಗುವುದಿಲ್ಲ, ಆ ಟಿಸಿಯ ಎಲ್ಲರೂ ಹಾಕಬೇಕು.

ಕೊನೆಗೆ ನೆಲ

ದಿಢೀರ್ ಏರುವ ವೋಲ್ಟೇಜಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರಾಗಲಿ, ಐಸೊಲೇಶನ್ ಟ್ರಾನ್ಸ್‌ಫಾರ್ಮರಾಗಲಿ, ಅರ್ಥ್ ಕೆಟ್ಟಿದ್ದರೆ ಬರೀ ಭಾರ. ಕಲಬುರಗಿ, ಯಾದಗಿರಿಯ ಎರೆ ಮಣ್ಣು ಹಸಿ ಇದ್ದಾಗ ಒಳ್ಳೆಯ ಅರ್ಥ್ ಕೊಡುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ, ನಡುವೆ ಗಾಳಿ ಉಳಿಯುತ್ತದೆ. ಶಹಾಬಾದ, ಸೇಡಂ, ಚಿತ್ತಾಪುರದ ಕಡೆ ಎರಡು ಮೂರು ಅಡಿಗೇ ಹಾಸುಗಲ್ಲು ಸಿಗುತ್ತದೆ; ಅಲ್ಲಿ ಆಳಕ್ಕೆ ಹೋಗಲಾಗದಿದ್ದರೆ ಉದ್ದಕ್ಕೆ ಕಾಲುವೆ ತೋಡಿ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿ ಹೂಳಿ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ನೀರನ್ನು ಹಿಡಿದಿಡುವುದಿಲ್ಲ, ಅಲ್ಲಿ ಒಂದು ಪೈಪಿನ ಬದಲು ಎರಡು ಮೂರನ್ನು ದೂರ ದೂರ ಹಾಕಿ ಕೂಡಿಸಬೇಕು. ಪೈಪು ಕನಿಷ್ಠ 38 ಮಿಲಿಮೀಟರ್ ವ್ಯಾಸ, 2.5 ಮೀಟರ್ ಉದ್ದದ ಜಿಐ ಇರಲಿ. ಉಪ್ಪನ್ನು ಹಿತಮಿತವಾಗಿ ಹಾಕಿ, ಹೆಚ್ಚಾದರೆ ಪೈಪನ್ನೇ ತಿನ್ನುತ್ತದೆ. ಎರೆ ನೆಲದಲ್ಲಿ ಪೈಪಿನ ಸುತ್ತ ಬೆಂಟೊನೈಟ್ ತುಂಬುವುದು ಮೇಲು. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಗುಂಡಿಗೆ ನೀರು ಹೊಯ್ಯಿರಿ. ಅರ್ಥ್ ರೋಧವನ್ನು ಏಪ್ರಿಲ್, ಮೇ ತಿಂಗಳಲ್ಲೇ, ನೀರು ಹೊಯ್ಯುವ ಮುಂಚೆ ಅಳೆಯಿಸಿ, ಆಗ ಬಂದ ಅಂಕಿಯನ್ನು ಮೇನ್ ಬೋರ್ಡಿನ ಮುಚ್ಚಳದ ಒಳಗೆ ತಾರೀಖಿನ ಸಮೇತ ಬರೆದಿಡಿ.